ಸಿಗ್ನಸ್ ಎಕ್ಸ್-1ರ ಏರಿಳಿತ ಅಳೆದಿದ್ದು: ನನ್ನ ಅನುಭವ

ಸಿಗ್ನಸ್ ಎಕ್ಸ್-1 ಅಂದ್ರೆ ಒಂದು ಬ್ಲಾಕ್ ಹೋಲ್, ಒಂದು ದೈತ್ಯ ನಕ್ಷತ್ರದ ಜೋಡಿ. ಅದರ ಲೈಟ್ ಕರ್ವ್ (ಸಮಯದ ಜೊತೆ ಎಕ್ಸ್-ರೇ ಬೆಳಕು ಹೇಗೆ ಬದಲಾಗುತ್ತೆ ಅನ್ನೋ ಗ್ರಾಫ್) ಹಾಕಿದ್ರೆ ಮೊದಲು ಕಾಣೋದು ಬರೀ ಗಲಾಟೆ, ದೊಡ್ಡ ಏರಿಳಿತದೊಳಗೆ ಸಣ್ಣ ಏರಿಳಿತ, ಅದರೊಳಗೆ ಇನ್ನೂ ಸಣ್ಣದು. ಸ್ಪೆಕ್ಟ್ರಮ್ (ಯಾವ ಎನರ್ಜೀಲಿ ಎಷ್ಟು ಬೆಳಕು ಅಂತ) ನೋಡೋರು ಇದನ್ನ ಸರಾಸರಿ ಮಾಡಿ ಮುಂದೆ ಹೋಗ್ತಾರೆ. ನನಗೆ ಆ ಗಲಾಟೆನೇ ಬೇಕಿತ್ತು, ಬ್ಲಾಕ್ ಹೋಲ್‌ಗೆ ಗ್ಯಾಸ್ ಹೇಗೆ ಬೀಳ್ತಿದೆ ಅನ್ನೋ ಸುಳಿವು ಇರೋದೇ ಅದರಲ್ಲಿ.

ತಗೊಂಡಿದ್ದು ನಾಸಾದ ಆರ್‌ಎಕ್ಸ್‌ಟಿಇ ಅನ್ನೋ ಎಕ್ಸ್-ರೇ ಉಪಗ್ರಹದ ಹಳೇ ಡೇಟಾ, 1995ರ ಕೊನೇಲಿ ಹಾರಿ 2012ರವರೆಗೆ ಕೆಲಸ ಮಾಡಿದ್ದು, ಆರ್ಕೈವ್‌ನಿಂದ ಯಾರು ಬೇಕಾದ್ರೂ ಇಳಿಸ್ಕೋಬಹುದು. ಅದರ ಪಿಸಿಎ ಅನ್ನೋ ಎಕ್ಸ್-ರೇ ಎಣಿಸೋ ಉಪಕರಣದಲ್ಲಿ ಐದು ಡಿಟೆಕ್ಟರ್ ಇದ್ವು, ಆದ್ರೆ ಐದೂ ಯಾವಾಗ್ಲೂ ಆನ್ ಇರ್ತಿರಲಿಲ್ಲ. ಮಧ್ಯದಲ್ಲಿ ಒಂದು ಆಫ್ ಆದ್ರೆ ಕೌಂಟ್ (ಎಣಿಸಿದ ಎಕ್ಸ್-ರೇ ಕಣಗಳ ಸಂಖ್ಯೆ) ದಡಕ್ಕನೆ ಬೀಳುತ್ತೆ, ನೋಡೋಕೆ ಬ್ಲಾಕ್ ಹೋಲೇ ಏನೋ ಮಾಡಿದ ಹಾಗೆ! ಅದಕ್ಕೆ ಡಿಟೆಕ್ಟರ್ ಸಂಖ್ಯೆ ಬದಲಾಗದ ಭಾಗ ಮಾತ್ರ ಇಟ್ಕೊಂಡೆ. ಜೊತೆಗಿರೋ ದೈತ್ಯ ನಕ್ಷತ್ರದ್ದು ಇನ್ನೊಂದು ಕಾಟ, 5.6 ದಿನಕ್ಕೊಂದು ಸುತ್ತಿನಲ್ಲಿ ಅದು ನಮ್ಮ ಕಡೆ ಬಂದಾಗ ಅದರಿಂದ ಬೀಸೋ ಗ್ಯಾಸಿನ ಗಂಟುಗಳು ಎಕ್ಸ್-ರೇಗೆ ಅಡ್ಡ ಬರ್ತವೆ, ಆ ಭಾಗಾನೂ ಬಿಟ್ಟೆ.

ಆಮೇಲೆ ಒಂದೊಂದು ಸೆಕೆಂಡಿನ ತುಂಡು ಮಾಡಿ ಪ್ರತಿಯೊಂದರ ಸರಾಸರಿ, ವೇರಿಯನ್ಸ್ (ಸರಾಸರಿಯಿಂದ ಎಷ್ಟು ಚದುರಿದೆ ಅನ್ನೋದರ ಅಳತೆ) ಲೆಕ್ಕ ಹಾಕಿದೆ. ಪಾಯ್ಸನ್ ನಾಯ್ಸ್, ಅಂದ್ರೆ ಎಣಿಕೇಲಿ ತಾನಾಗೇ ಬರೋ ಏರಿಳಿತ, ಕಳೀಲೇಬೇಕು, ಬಿನ್‌ಗೆ (ತುಂಡಿನೊಳಗಿನ ಒಂದು ಸಣ್ಣ ಸಮಯದ ಭಾಗಕ್ಕೆ) ಸರಾಸರಿ 100 ಕೌಂಟ್ ಇದ್ರೆ ವೇರಿಯನ್ಸ್‌ನಲ್ಲಿ ಸುಮಾರು 100 ಬರೀ ಎಣಿಕೆಯದ್ದೇ. ಒಂದೊಂದೇ ತುಂಡಲ್ಲಿ ಕಳೆದ್ರೆ ಕೆಲವು ನೆಗೆಟಿವ್ ಆಗಿ ವರ್ಗಮೂಲಾನೇ ಬರಲ್ಲ, ಅದಕ್ಕೆ ಒಂದೇ ಮಟ್ಟದ ಬೆಳಕಿರೋ ತುಂಡುಗಳನ್ನೆಲ್ಲ ಗುಂಪು ಮಾಡಿ, ವೇರಿಯನ್ಸ್‌ಗಳ ಸರಾಸರಿ ತಗೊಂಡು, ನಾಯ್ಸ್ ಕಳೆದು, ಕೊನೇಲಿ ವರ್ಗಮೂಲ.

ಅಡ್ಡ ಅಕ್ಷದಲ್ಲಿ ಸರಾಸರಿ ಬೆಳಕು (ಫ್ಲಕ್ಸ್), ಲಂಬ ಅಕ್ಷದಲ್ಲಿ ಆ ವರ್ಗಮೂಲ, ಅಂದ್ರೆ ಏರಿಳಿತದ ಅಳತೆ, ಇಟ್ಟು ಗ್ರಾಫ್ ಹಾಕಿದ್ರೆ ನೇರ ಗೆರೆ. ಬೆಳಕು ಜಾಸ್ತಿ ಇದ್ದಾಗ ಏರಿಳಿತಾನೂ ಅದೇ ಲೆಕ್ಕದಲ್ಲಿ ಜಾಸ್ತಿ. ಉಟ್ಲಿ, ಮೆಕ್‌ಹಾರ್ಡಿ ಅನ್ನೋ ಖಗೋಳ ವಿಜ್ಞಾನಿಗಳು 2001ರಲ್ಲೇ ಇದನ್ನ ತೋರಿಸಿದ್ರು, ಆದ್ರೂ ನಮ್ಮ ಕೈಯಾರೆ ಬಂದ ಗೆರೆ ನೋಡೋ ಖುಷಿನೇ ಬೇರೆ. ಬ್ಲಾಕ್ ಹೋಲ್ ಸುತ್ತ ತಿರುಗೋ ಗ್ಯಾಸಿನ ಡಿಸ್ಕಿನ ಹೊರ ಭಾಗದಲ್ಲಿ ಹುಟ್ಟೋ ನಿಧಾನದ ಏರಿಳಿತ ಗ್ಯಾಸ್ ಜೊತೆ ಒಳಗೆ ಹರ್ಕೊಂಡು ಬಂದು ಅಲ್ಲಿನ ವೇಗದ ಏರಿಳಿತವನ್ನ ಗುಣಿಸುತ್ತೆ ಅಂದ್ಕೊಂಡ್ರೆ ಇದು ಸರಿಯಾಗಿ ಕೂರುತ್ತೆ. ಒಂದಕ್ಕೊಂದು ಸಂಬಂಧ ಇಲ್ಲದ ಕಿಡಿಗಳನ್ನ ಸುಮ್ನೆ ಕೂಡಿದ್ರೆ ಎಲ್ಲಾ ಟೈಮ್‌ಸ್ಕೇಲ್‌ನಲ್ಲೂ ಇಂಥ ಗೆರೆ ಬರಿಸೋದು ಕಷ್ಟ.

ಒಂದು ವಿಷಯ, ಗೆರೆ ನೆಟ್ಟಗೆ ಸೊನ್ನೆಗೆ ಬಂದು ಮುಟ್ಟಲ್ಲ, ಫ್ಲಕ್ಸ್ ಅಕ್ಷವನ್ನ ಸ್ವಲ್ಪ ಬಲಕ್ಕೆ ಕತ್ತರಿಸುತ್ತೆ. ಏರಿಳಿತಕ್ಕೆ ಸೇರದ ಬೆಳಕು ಒಂದಿಷ್ಟು ಇರಬಹುದು, ಆದ್ರೆ ಹಾಗನ್ನೋ ಮೊದಲು ಬ್ಯಾಕ್‌ಗ್ರೌಂಡ್ (ಸಿಗ್ನಸ್ ಎಕ್ಸ್-1ರದ್ದಲ್ಲದ ಕೌಂಟ್) ಸರಿಯಾಗಿ ಕಳೆದಿದೀವಾ ನೋಡ್ಕೊಳ್ಳಿ, ಅದು ಉಳಿದ್ರೂ ಗೆರೆ ಹೀಗೇ ಬಲಕ್ಕೆ ಜರುಗುತ್ತೆ.