ಎಕ್ಸ್‌ಪೈರಿ ದಾಟಿದ ಬಾಟಲಿಯಲ್ಲಿ ಪ್ರೋಟೀನ್ ಹರಳು: ನನ್ನ ಅನುಭವ

ಕೋಲಾರದ ನಮ್ಮ ಲ್ಯಾಬಿನ ಕಪಾಟಿನಲ್ಲಿ ಲೇಬಲ್ಲಿನ ದಿನಾಂಕ ಮುಗಿದ ಬಾಟಲಿಗಳೇ ಹೆಚ್ಚು. ಅವುಗಳಲ್ಲೇ ಪ್ರೋಟೀನ್ ಹರಳು ಬೆಳೆಸುವ ಟ್ರೇ (ಸಣ್ಣ ಗುಂಡಿಗಳ ಪ್ಲೇಟು) ಹಾಕುತ್ತೇನೆ. ನಾನು ಮೊದಲು ಕೇಳುವುದು ಎರಡೇ ಪ್ರಶ್ನೆ: ಮುಚ್ಚಳ ತೆರೆದದ್ದು ಯಾವಾಗ, ಒಳಗಿರುವುದು ಪುಡಿಯೋ ದ್ರಾವಣವೋ?

ಉಪ್ಪಿನ ಪುಡಿಗಳ ಬಗ್ಗೆ ತಲೆ ಕೆಡಿಸಿಕೊಳ್ಳಬೇಕಿಲ್ಲ. ಅಮೋನಿಯಂ ಸಲ್ಫೇಟ್ ಗಂಟು ಕಟ್ಟಿದ್ದರೆ ತೂಕ ನಂಬದೆ, ತಳದಲ್ಲಿ ಪುಡಿ ಉಳಿಯುವಷ್ಟು ಕರಗಿಸಿ ಸ್ಯಾಚುರೇಟೆಡ್ ದ್ರಾವಣ ಮಾಡಿಕೊಳ್ಳುತ್ತೇನೆ. 25 ಡಿಗ್ರಿಯಲ್ಲಿ ಅದು ಸುಮಾರು 4.1 ಮೋಲಾರ್, ಅಲ್ಲಿಂದ ತೆಳು ಮಾಡಿದರಾಯಿತು. ಸಿಟ್ರೇಟ್, ಅಸಿಟೇಟ್ ದ್ರಾವಣಗಳಿಗೆ ಬೂಷ್ಟು ಬರುತ್ತದೆ. ನೂಲಿನಂಥದ್ದು ತೇಲುತ್ತಿದ್ದರೆ ಸೋಸಿ ಉಳಿಸಿಕೊಳ್ಳುವ ಆಸೆ ಬೇಡ, ಚೆಲ್ಲಿ.

ನಿಜವಾದ ತಲೆನೋವು ಪೆಗ್ (ಪಾಲಿಎಥಿಲೀನ್ ಗ್ಲೈಕಾಲ್, ಪ್ರೋಟೀನನ್ನು ಹರಳಾಗಿಸಲು ಬಳಸುವ ಪಾಲಿಮರ್). ಗಾಳಿ, ಬೆಳಕು ತಾಗಿದರೆ ಪೆಗ್ ಆಕ್ಸಿಡೈಸ್ ಆಗಿ ಪೆರಾಕ್ಸೈಡ್, ಆಲ್ಡಿಹೈಡ್, ಕೊನೆಗೆ ಫಾರ್ಮಿಕ್ ಆಮ್ಲ ಹುಟ್ಟುತ್ತದೆ. ಪೆರಾಕ್ಸೈಡ್ ಪ್ರೋಟೀನಿನ ಅಮೈನೋ ಆಮ್ಲಗಳಾದ ಸಿಸ್ಟೀನ್, ಮೆಥಿಯೋನಿನ್‌ಗಳನ್ನು ಕೆಡಿಸುತ್ತದೆ, ಆಲ್ಡಿಹೈಡ್ ಲೈಸೀನ್‌ಗೆ ಅಂಟುತ್ತದೆ, ಆಮ್ಲ ಪಿಎಚ್ ಇಳಿಸುತ್ತದೆ. ಪುಡಿಯಲ್ಲಿ ಇದು ನಿಧಾನ. 50% ದ್ರಾವಣ ಮಾಡಿ ಮೇಜಿನ ಮೇಲಿಟ್ಟರೆ ತಿಂಗಳುಗಳಲ್ಲೇ ಗೊತ್ತಾಗುತ್ತದೆ.

ಪಿಎಚ್ ನೋಡುವಾಗ 50% ದ್ರಾವಣದಲ್ಲಿ ಎಲೆಕ್ಟ್ರೋಡ್ ಅದ್ದಬೇಡಿ. ಅದು ಜೇನಿನಂತೆ ಮಂದ, ರೀಡಿಂಗ್ ನಿಲ್ಲುವುದೇ ಇಲ್ಲ. 10%ಗೆ ತೆಳು ಮಾಡಿ ನೋಡಿ. ಹೊಸದು ಸಾಮಾನ್ಯವಾಗಿ 5ರಿಂದ 7ರೊಳಗೆ ಇರುತ್ತದೆ, 4.5ಕ್ಕಿಂತ ಇಳಿದಿದ್ದರೆ ನಾನು ಬಳಸುವುದಿಲ್ಲ. ಪೆರಾಕ್ಸೈಡ್ ಪರೀಕ್ಷಿಸುವ ಕಾಗದದ ಪಟ್ಟಿ ಇಲ್ಲದಿದ್ದರೆ: 1 ಮಿಲಿ ಪೆಗ್ ದ್ರಾವಣಕ್ಕೆ ಆಗಷ್ಟೇ ಕರಗಿಸಿದ 10% ಪೊಟ್ಯಾಸಿಯಂ ಅಯೋಡೈಡ್ 100 ಮೈಕ್ರೋಲೀಟರ್, ಗ್ಲೇಷಿಯಲ್ ಅಸಿಟಿಕ್ ಆಮ್ಲ ಎರಡು ಹನಿ. ಒಂದೆರಡು ನಿಮಿಷದಲ್ಲಿ ಹಳದಿ ತಿರುಗಿದರೆ ಪೆರಾಕ್ಸೈಡ್ ಇದೆ. ಪಕ್ಕದಲ್ಲಿ ಬರೀ ನೀರಿನ ಟ್ಯೂಬ್ ಇಡಲೇಬೇಕು, ಅಯೋಡೈಡ್ ತಾನಾಗಿಯೂ ಹಳದಿಯಾಗುತ್ತದೆ.

ಆಮೇಲೆ ಲೈಸೋಜೈಮ್ (ಸುಲಭವಾಗಿ ಹರಳಾಗುವ ಪ್ರೋಟೀನ್) ಟ್ರೇ. 24 ಗುಂಡಿಯ ಪ್ಲೇಟು, ಗುಂಡಿಗೆ 500 ಮೈಕ್ರೋಲೀಟರ್ ದ್ರಾವಣ, ಕವರ್‌ಸ್ಲಿಪ್ ಮೇಲೆ ಪ್ರೋಟೀನ್ ಮತ್ತು ಆ ದ್ರಾವಣದ 1+1 ಮೈಕ್ರೋಲೀಟರ್ ಹನಿ, ಪ್ರೋಟೀನ್ ಮಿಲಿಗೆ 30 ಮಿಗ್ರಾಂ. 0.1 ಮೋಲಾರ್ ಸೋಡಿಯಂ ಅಸಿಟೇಟ್, ಪಿಎಚ್ 4.6, ಅಡುಗೆ ಉಪ್ಪು (ಸೋಡಿಯಂ ಕ್ಲೋರೈಡ್) 4ರಿಂದ 8%. ಒಂದು ಸಾಲು ಹಳೆಯ ಬಾಟಲಿಗಳಿಂದ, ಇನ್ನೊಂದು ಹೊಸದರಿಂದ. ಮರುದಿನವೇ ಎರಡರಲ್ಲೂ ಹರಳು ಕಾಣಬೇಕು. ಆದರೆ ಇದೊಂದನ್ನೇ ನಂಬಿ ಕೂರಬೇಡಿ: ಲೈಸೋಜೈಮ್‌ನ ಎಂಟೂ ಸಿಸ್ಟೀನ್‌ಗಳು ಡೈಸಲ್ಫೈಡ್ (ಗಂಧಕ-ಗಂಧಕ ಬಂಧದ) ಜೋಡಿಗಳಲ್ಲಿ ಕಟ್ಟಿಕೊಂಡಿವೆ. ಪೆರಾಕ್ಸೈಡ್ ಇದ್ದರೂ ಅದು ಹರಳಾಗಿ ನಗುತ್ತದೆ, ಬಿಡಿ ಸಿಸ್ಟೀನ್ ಇರುವ ನಿಮ್ಮ ಪ್ರೋಟೀನ್ ಅಲ್ಲೇ ಮುದ್ದೆಯಾಗುತ್ತದೆ. ಡಿಟಿಟಿ (ಸಿಸ್ಟೀನ್ ಆಕ್ಸಿಡೈಸ್ ಆಗದಂತೆ ತಡೆಯುವ ರಾಸಾಯನಿಕ) ಸೇರಿಸಿ ಪರಿಹಾರ ಮಾಡುತ್ತೇನೆ ಅನ್ನುವವರಿದ್ದಾರೆ, ಪಿಎಚ್ 8.5ರಲ್ಲಿ, 20 ಡಿಗ್ರಿಯಲ್ಲಿ ಅದರ ಅರ್ಧಾಯುಷ್ಯವೇ ಒಂದೂವರೆ ಗಂಟೆ. ಟ್ರೇ ವಾರಗಟ್ಟಲೆ ಇರುತ್ತದಲ್ಲ!

ನಮ್ಮ ಕಡೆಯ ಬೋರ್‌ವೆಲ್ ನೀರು ಗಡಸು. ಡಿಸ್ಟಿಲ್ ಮಾಡುವ ಉಪಕರಣದಲ್ಲಿ ಸುಣ್ಣ ಕಟ್ಟಿ ಹನಿಗಳು ಹಾರಿ ಬಂದರೆ ಕ್ಯಾಲ್ಸಿಯಂ ಬಂದು ಫಾಸ್ಫೇಟಿನೊಂದಿಗೆ ಚಂದದ ಉಪ್ಪಿನ ಹರಳು ಬೆಳೆಯುತ್ತದೆ. ಸೂಜಿಯಿಂದ ಒತ್ತಿ: ಉಪ್ಪಾದರೆ ಗಟ್ಟಿಯಾಗಿ ಟಕ್ಕೆಂದು ಮುರಿಯುತ್ತದೆ, ಪ್ರೋಟೀನಾದರೆ ಮೆತ್ತಗೆ ಪುಡಿಯಾಗುತ್ತದೆ. ಬೇಸಿಗೆಯಲ್ಲಿ ಕರೆಂಟು ಹೋದರೆ ಪ್ಲೇಟನ್ನು ನೀರಿನ ಬಾಟಲಿಗಳ ಜೊತೆ ಥರ್ಮೋಕೋಲ್ ಡಬ್ಬಿಯಲ್ಲಿಡುತ್ತೇನೆ. ಟ್ರಿಸ್ ಬಫರಿನ ಪಿಎಚ್ ಡಿಗ್ರಿಗೆ 0.03ರಷ್ಟು ಇಳಿಯುತ್ತದೆ, 10 ಡಿಗ್ರಿ ಏರಿದರೆ ಲೆಕ್ಕ ಹಾಕಿ.

ಹಳೆಯ ಡೈಆಕ್ಸೇನ್, ಟಿಎಚ್‌ಎಫ್ (ಟೆಟ್ರಾಹೈಡ್ರೋಫ್ಯೂರಾನ್) ದ್ರಾವಕಗಳ ಬಾಟಲಿಗಳ ಮುಚ್ಚಳ ಮುಟ್ಟಲೇಬೇಡಿ, ಪೆರಾಕ್ಸೈಡ್ ಸಿಡಿಯಬಲ್ಲದು. ಅಜೈಡ್, ಕ್ಯಾಕೋಡೈಲೇಟ್ (ಎರಡೂ ವಿಷ) ಸಿಂಕಿಗೆ ಬೇಡ.

ಇನ್ನು, ಹಳೆಯ ಪೆಗ್‌ನಲ್ಲೇ ಹರಳು ಬಂದು ಹೊಸದರಲ್ಲಿ ಬಾರದಿರುವುದೂ ಉಂಟು. ಆಗ ಬಾಟಲಿ ಬಿಸಾಡಬೇಡಿ. ಆ ಗುಂಡಿಯ ದ್ರಾವಣದ ಪಿಎಚ್ ಅಳೆಯಿರಿ: ಲೇಬಲ್ಲಿನಲ್ಲಿ 7.5 ಎಂದಿದ್ದರೂ ನಿಜಕ್ಕೆ 6.8 ಇರಬಹುದು. ಹೊಸ ಪೆಗ್‌ನಲ್ಲಿ ಆ ಪಿಎಚ್‌ನ ಎರಡೂ ಕಡೆ 0.2ರಂತೆ ಸರಿಸುತ್ತಾ ಒಂದು ಸಾಲು ಹಾಕಿ. ಉಳಿದ ಹಳೆಯದನ್ನು 1 ಮಿಲಿ ಟ್ಯೂಬುಗಳಿಗೆ ಹಂಚಿ, ಫಾಯಿಲ್ ಸುತ್ತಿ, ಮೈನಸ್ 20ರಲ್ಲಿಡಿ.