ಮೆಕ್ಕೆಜೋಳದ ಸುಳಿ ಬಿಳಿಚಿದರೆ ಯೂರಿಯಾ ಚೀಲ ಬಿಚ್ಚಬೇಡಿ, ಮೊದಲು ಎಲೆ ನೋಡಿ

ಬಿತ್ತಿ ಎರಡು-ಮೂರು ವಾರ ಆಗಿರುತ್ತದೆ, ಮಳೆನೂ ಚೆನ್ನಾಗಿ ಬಂದಿರುತ್ತದೆ, ಆದರೂ ಪೈರು ಏಳುವುದಿಲ್ಲ, ಸುಳಿ ಬಿಳಿಚಿಕೊಂಡು ನಿಂತಿರುತ್ತದೆ. ದಾವಣಗೆರೆ ಕಡೆ ಮೆಕ್ಕೆಜೋಳ ಹಾಕುವವರು ಇದನ್ನು ನೋಡಿಯೇ ಇರುತ್ತೀರಿ. ನಮ್ಮ ಹೊಲದಲ್ಲಿ ಹೀಗಾದಾಗ ಸುಮ್ನೆ ಇನ್ನೊಂದು ಚೀಲ ಯೂರಿಯಾ ಹಾಕಿದೆವು. ದುಡ್ಡು ಹೋಯಿತು, ಎಲೆ ಹಸಿರಾಗಲಿಲ್ಲ. ಕೊರತೆ ಇದ್ದದ್ದು ಸತುವಿನದು, ಅಂದರೆ ಜಿಂಕ್.

ಹಳೇ ಎಲೆ ತುದಿಯಿಂದ ಶುರುವಾಗಿ ನಡುನರದ ಗುಂಟ ಹಳದಿಯಾದರೆ ಅದು ಸಾರಜನಕದ ಕೊರತೆ, ಅದಕ್ಕೆ ಯೂರಿಯಾ ಸರಿ. ಜಿಂಕ್ ಕಮ್ಮಿಯಾದರೆ ಎಳೇ ಎಲೆಯ ಬುಡದ ಕಡೆ, ನಡುನರದ ಎರಡೂ ಪಕ್ಕ ಅಗಲವಾದ ಬಿಳಿ ಪಟ್ಟಿ ಬರುತ್ತದೆ. ಅಂಚು, ನಡುನರ ಹಸಿರಾಗೇ ಇರುತ್ತವೆ.

ಮಣ್ಣಲ್ಲಿ ಜಿಂಕ್ ಇದ್ದರೂ ಬೇರಿಗೆ ಸಿಗದೇ ಹೋಗಬಹುದು. ಸುಣ್ಣದ ಅಂಶ ಜಾಸ್ತಿ ಇರುವ ಎರೆ ಹೊಲದಲ್ಲಿ ಅದು ಮಣ್ಣಿಗೇ ಅಂಟಿಕೊಂಡು ಕೂರುತ್ತದೆ. ವರ್ಷಗಟ್ಟಲೆ ಡಿಎಪಿ, ಅಂದರೆ ರಂಜಕ ಜಾಸ್ತಿ ಇರುವ ಗೊಬ್ಬರ, ಸುರಿದ ಕಡೆ ಮಣ್ಣಲ್ಲಿ ರಂಜಕ ಹೆಚ್ಚಾಗಿ ಕೊರತೆ ಇನ್ನೂ ಬಲಿಯುತ್ತದೆ.

ಹಾಗಾಗಿ ಬಿತ್ತನೆಗೆ ಮುಂಚೆ ಮಣ್ಣು ಪರೀಕ್ಷೆ ಮಾಡಿಸಿ. ಬದು, ತಿಪ್ಪೆ, ಮರದ ನೆರಳು ಬಿಟ್ಟು ಎಂಟ್ಹತ್ತು ಕಡೆ ಅರ್ಧ ಅಡಿ ಆಳದ ಗುಂಡಿ ತೆಗೆದು, ಅದರ ಪಕ್ಕದಿಂದ ಮೇಲಿಂದ ಕೆಳಗಿನವರೆಗೆ ತೆಳುವಾಗಿ ಮಣ್ಣು ಕೆರೆದುಕೊಳ್ಳಿ. ಪ್ಲಾಸ್ಟಿಕ್ ಬಕೆಟ್ಟನ್ನೇ ಬಳಸಿ. ತಗಡಿನ ಬಕೆಟ್ ಬೇಡವೇ ಬೇಡ, ಅದರ ಮೇಲಿನ ಲೇಪವೇ ಜಿಂಕ್, ಅದು ಸ್ವಲ್ಪ ಮಣ್ಣಿಗೆ ಸೇರಿದರೂ ರಿಪೋರ್ಟ್ ತಪ್ಪಾಗುತ್ತದೆ. ನೆರಳಲ್ಲಿ ಒಣಗಿಸಿ, ಕಲಸಿ, ಅರ್ಧ ಕೆಜಿ ಕೊಡಿ. ಕೊಡುವಾಗ ಜಿಂಕ್‌ನಂಥ ಲಘು ಪೋಷಕಾಂಶವನ್ನೂ (ಬೆಳೆಗೆ ಸ್ವಲ್ಪವೇ ಬೇಕಾದದ್ದು) ನೋಡಿ ಅಂತ ಬಾಯಿಬಿಟ್ಟು ಹೇಳಿ. ಬರೀ ಸಾರಜನಕ, ರಂಜಕ, ಪೊಟ್ಯಾಷ್ ನೋಡಿದರೆ ಜಿಂಕ್ ವಿಷಯ ಗೊತ್ತಾಗುವುದೇ ಇಲ್ಲ. ಎಲ್ಲಿ ಕೊಡಬೇಕು ಅಂತ ದಾವಣಗೆರೆಯ ತರಳಬಾಳು ಕೃಷಿ ವಿಜ್ಞಾನ ಕೇಂದ್ರದಲ್ಲಿ ವಿಚಾರಿಸಿ, ಹಿರಿಯೂರು ಕಡೆಯವರಾದರೆ ಬಬ್ಬೂರು ಫಾರಂನಲ್ಲಿ.

ರಿಪೋರ್ಟಿನಲ್ಲಿ ಜಿಂಕ್ 0.6 ಪಿಪಿಎಂಗಿಂತ (ಅಂದರೆ ಒಂದು ಕೆಜಿ ಮಣ್ಣಿಗೆ 0.6 ಮಿಲಿಗ್ರಾಂಗಿಂತ) ಕಮ್ಮಿ ಬಂದರೆ ಎಕರೆಗೆ 10 ಕೆಜಿ ಜಿಂಕ್ ಸಲ್ಫೇಟ್ ಬೇಕು. ಕೊಟ್ಟಿಗೆ ಗೊಬ್ಬರದ ಜೊತೆ ಕಲಸಿ ಬಿತ್ತನೆಗೆ ಮುಂಚೆ ಹಾಕಿ. ಡಿಎಪಿ ಜೊತೆ ಮಾತ್ರ ಬೆರೆಸಬೇಡಿ, ಎರಡೂ ಸೇರಿ ನೀರಲ್ಲಿ ಕರಗದ ವಸ್ತುವಾಗಿಬಿಡುತ್ತದೆ. ಪ್ರತಿ ವರ್ಷ ಹಾಕಬೇಕಿಲ್ಲ, ಒಮ್ಮೆ ಹಾಕಿದ್ದು ಎರಡು-ಮೂರು ಬೆಳೆಗೆ ಬರುತ್ತದೆ. ಪೈರು ಆಗಲೇ ಬಿಳಿಚಿದ್ದರೆ ಲೀಟರ್ ನೀರಿಗೆ 5 ಗ್ರಾಂ ಜಿಂಕ್ ಸಲ್ಫೇಟ್, 2.5 ಗ್ರಾಂ ಸುಣ್ಣ ಕರಗಿಸಿ, ಸೋಸಿ, ಸಂಜೆ ಹೊತ್ತು ಸಿಂಪಡಿಸಿ. ಸುಣ್ಣ ಬಿಟ್ಟರೆ ಎಲೆ ಸುಡುವ ಭಯ.

ಇದು ಬರೀ ಇಳುವರಿ ವಿಷಯ ಅಲ್ಲ. ಮಣ್ಣಲ್ಲಿ ಇಲ್ಲದ್ದು ಸೊಪ್ಪೆಯಲ್ಲೂ ಕಮ್ಮಿ, ಸೊಪ್ಪೆ ತಿನ್ನುವ ದನಕ್ಕೂ ಕಮ್ಮಿ, ಅಲ್ವಾ? ಜಿಂಕ್ ಸಾಲದ ದನದ ಚರ್ಮ ದಪ್ಪಗಾಗಿ ಒರಟಾಗುತ್ತದೆ, ಗೊರಸೂ ಕೆಡುತ್ತದೆ. ಮನುಷ್ಯರಿಗೂ ಇದು ಬೇಕು: 1961ರಲ್ಲಿ ಇರಾನಿನಲ್ಲಿ ಬೆಳವಣಿಗೆ ನಿಂತುಹೋಗಿದ್ದ ಯುವಕರನ್ನು ನೋಡಿ, ಇದಕ್ಕೆ ಜಿಂಕ್ ಕೊರತೆ ಕಾರಣ ಇರಬಹುದು ಅಂತ ಮೊದಲು ಹೇಳಿದವರಲ್ಲಿ ನಮ್ಮ ದೇಶದಲ್ಲೇ ಹುಟ್ಟಿದ ಡಾ. ಆನಂದ ಪ್ರಸಾದ್ ಒಬ್ಬರು. ದನದ ಚರ್ಮ, ಗೊರಸು ಹೀಗೆ ಕಂಡರೆ ಪಶು ವೈದ್ಯರಿಗೆ ತೋರಿಸಿ, ಎಷ್ಟು ಖನಿಜ ಮಿಶ್ರಣ ಕೊಡಬೇಕು ಅಂತ ಅವರನ್ನೇ ಕೇಳಿ.