ಸರ್ವರ್ ಒಪ್ಪಿಕೊಳ್ಳುವ ಮೊದಲು ಪವರ್ ಕಾರ್ಡ್ ಕಿತ್ತು ನೋಡಿ

ಕೋಲಾರದ ಟೊಮೆಟೊ ಮಂಡಿ ಲೆಕ್ಕ ಹಿಡಿಯುವ ಪೋಸ್ಟ್‌ಗ್ರೆಸ್ ಡೇಟಾಬೇಸ್‌ಗೆ ಸರ್ವರ್ ಆರಿಸಿದ ಕ್ರಮ ಇದು. ಸುಗ್ಗಿಯಲ್ಲಿ ಹರಾಜು ಶುರುವಾಯಿತೆಂದರೆ ಎಂಟ್ರಿಗೆ ಬಿಡುವಿಲ್ಲ: ರೈತ ಯಾರು, ಬಾಕ್ಸ್ ಎಷ್ಟು, ದರ ಎಷ್ಟು, ಕೊಂಡವರು ಯಾರು. ಪ್ರತಿ ಲಾಟೂ ಒಂದು ಕಮಿಟ್, ಅಂದರೆ ಡೇಟಾಬೇಸ್‌ನಲ್ಲಿ ಪಕ್ಕಾ ಆದ ದಾಖಲೆ. ಚೀಟಿ ರೈತರ ಕೈ ಸೇರಿದ ಮೇಲೆ ಕರೆಂಟ್ ಹೋಗಿ, ಮತ್ತೆ ಬಂದಾಗ ಆ ಸಾಲು ಟೇಬಲ್‌ನಲ್ಲಿ ಇಲ್ಲವೆಂದರೆ ಜಗಳ ಕಟ್ಟಿಟ್ಟದ್ದು. ಹಾಗಾಗಿ ಕೋರ್ ಎಷ್ಟು, ಗಿಗಾಹರ್ಟ್ಸ್ ಎಷ್ಟು ಅನ್ನುವುದಕ್ಕಿಂತ ಮೊದಲು ಕೇಳಬೇಕಾದ್ದು, ಡಿಸ್ಕ್ ‘ಬರೆದಾಯ್ತು’ ಅಂದಾಗ ನಿಜಕ್ಕೂ ಬರೆದಿರುತ್ತದಾ ಅಂತ.

ಕಮಿಟ್ ಆದಾಗ ಪೋಸ್ಟ್‌ಗ್ರೆಸ್ ಬದಲಾವಣೆಯನ್ನು ಮೊದಲು ವಾಲ್ ಅನ್ನುವ ಲಾಗ್‌ಗೆ ಬರೆದು, ‘ಡಿಸ್ಕ್‌ಗೆ ಇಳಿಸು’ ಅನ್ನುವ ಎಫ್‌ಸಿಂಕ್ ಆದೇಶ ಕೊಟ್ಟು, ಡ್ರೈವ್‌ನ ಉತ್ತರಕ್ಕೆ ಕಾಯುತ್ತದೆ. ಅಂಗಡಿಯಲ್ಲಿ ಸಿಗುವ ಸಾದಾ ಎಸ್‌ಎಸ್‌ಡಿ ಇಲ್ಲಿ ಪ್ರಾಮಾಣಿಕವಾಗಿದ್ದರೆ ನಿಧಾನ, ವೇಗವಾಗಿದ್ದರೆ ಸುಳ್ಳುಬುರುಕ: ಡೇಟಾ ಇನ್ನೂ ತನ್ನ ಕ್ಯಾಶ್‌ನಲ್ಲೇ (ಕರೆಂಟ್ ಹೋದರೆ ಅಳಿಯುವ ತಾತ್ಕಾಲಿಕ ಮೆಮೊರಿ) ಇರುವಾಗ ಆಯ್ತು ಅಂದುಬಿಡುತ್ತದೆ. ಎಂಟರ್‌ಪ್ರೈಸ್ ಡ್ರೈವ್‌ನ ಬೋರ್ಡ್ ಮೇಲೆ ಕೆಪ್ಯಾಸಿಟರ್‌ಗಳ ಸಾಲು ಇರುತ್ತದೆ. ಕರೆಂಟ್ ಹೋದರೆ ಕ್ಯಾಶ್‌ನಲ್ಲಿದ್ದದ್ದನ್ನು ಫ್ಲ್ಯಾಶ್‌ಗೆ ಇಳಿಸುವಷ್ಟು ಚಾರ್ಜ್ ಅದರಲ್ಲಿದೆ. ಸ್ಪೆಕ್ ಶೀಟ್‌ನಲ್ಲಿ ‘ಪವರ್ ಲಾಸ್ ಪ್ರೊಟೆಕ್ಷನ್’ ಅಂತ ಇಲ್ಲದಿದ್ದರೆ ಆ ಡ್ರೈವ್ ಬೇಡ. ಮಾತು ಮುಗಿಯಿತು.

ಪೋಸ್ಟ್‌ಗ್ರೆಸ್ ಜೊತೆಗೇ ಬರುವ ‘ಪಿಜಿ ಟೆಸ್ಟ್ ಎಫ್‌ಸಿಂಕ್’ ಓಡಿಸಿ ಎಫ್‌ಡೇಟಾಸಿಂಕ್ (ಎಫ್‌ಸಿಂಕ್‌ನದೇ ಒಂದು ಬಗೆ) ಸಾಲು ನೋಡಿ. ಕೆಪ್ಯಾಸಿಟರ್ ಇರುವ ಒಳ್ಳೆಯ ಎನ್‌ವಿಎಮ್‌ಇ ಡ್ರೈವ್ (ವೇಗದ ಎಸ್‌ಎಸ್‌ಡಿ ಮಾದರಿ) ಸೆಕೆಂಡಿಗೆ 10,000 ಸಿಂಕ್ ಆರಾಮಾಗಿ ದಾಟುತ್ತದೆ. ಇಲ್ಲದ್ದು ಸಾಮಾನ್ಯವಾಗಿ ನೂರುಗಳಲ್ಲೇ ಏದುಸಿರು ಬಿಡುತ್ತದೆ. ಇಲ್ಲದ ಡ್ರೈವೂ ಹತ್ತಾರು ಸಾವಿರ ತೋರಿಸಿದರೆ ಖುಷಿಪಡಬೇಡಿ, ಅನುಮಾನಪಡಿ.

ಅದಕ್ಕೇ ಪವರ್ ಕಾರ್ಡ್ ಕೀಳುವ ಪರೀಕ್ಷೆ. ‘ಡಿಸ್ಕ್‌ಚೆಕರ್’ ಅನ್ನುವ ಪುಟ್ಟ ಪರ್ಲ್ ಸ್ಕ್ರಿಪ್ಟ್ ಇದೆ. ಪಕ್ಕದ ಲ್ಯಾಪ್‌ಟಾಪ್‌ನಲ್ಲಿ ಕೇಳುವ ಭಾಗ, ಸರ್ವರ್‌ನಲ್ಲಿ ಬರೆಯುವ ಭಾಗ. ಬರವಣಿಗೆ ಜೋರಾಗಿ ನಡೆಯುತ್ತಿರುವಾಗಲೇ ಸರ್ವರ್ ಹಿಂದಿನ ಕಾರ್ಡ್ ಎಳೆಯಿರಿ. ಎರಡು ಪವರ್ ಸಪ್ಲೈ ಇದ್ದರೆ ಎರಡನ್ನೂ ಒಟ್ಟಿಗೆ. ರೀಸೆಟ್ ಬಟನ್ ಒತ್ತಿದರೆ ಉಪಯೋಗವಿಲ್ಲ, ಡ್ರೈವ್‌ಗೆ ಕರೆಂಟ್ ಹೋಗುತ್ತಲೇ ಇರುತ್ತದೆ. ಮತ್ತೆ ಬೂಟ್ ಮಾಡಿ ವೆರಿಫೈ ಓಡಿಸಿದಾಗ ಎರರ್ ಸೊನ್ನೆ ಬರಬೇಕು. ಒಂದು ಸಲ ಪಾಸಾದರೆ ಸಾಲದು, ಹತ್ತು ಸಲ ಕೀಳಿ. ಸರಬರಾಜುದಾರರು ಮುಖ ಹಿಂಡುತ್ತಾರೆ, ಹಿಂಡಲಿ.

ಡ್ರೈವ್ ಬಾಳಿಕೆಗೆ ಹೆದರಿ 3 ಡಿಡಬ್ಲ್ಯೂಪಿಡಿ (ದಿನಕ್ಕೆ ಮೂರು ಸಲ ಇಡೀ ಡ್ರೈವ್ ತುಂಬ ಬರೆಯಬಲ್ಲ) ಮಾಡೆಲ್‌ಗೆ ದುಡ್ಡು ಸುರಿಯುವವರಿದ್ದಾರೆ. ಮೊದಲು ಅಳೆಯಿರಿ. ಬೆಳಿಗ್ಗೆ ಒಮ್ಮೆ, ರಾತ್ರಿ ಒಮ್ಮೆ ವಾಲ್ ಸ್ಥಾನ ತೆಗೆದು ಕಳೆದರೆ ದಿನದ ಲಾಗ್ ಸಿಗುತ್ತದೆ. ಅದು 60 ಜಿಬಿ ಇದ್ದರೆ ಚೆಕ್‌ಪಾಯಿಂಟ್, ವ್ಯಾಕ್ಯೂಮ್, ಟೆಂಪ್ ಫೈಲ್ ಅಂತ ಪೋಸ್ಟ್‌ಗ್ರೆಸ್ ಬರೆಯುವ ಬೇರೆಯದನ್ನೆಲ್ಲ ಸೇರಿಸಿ ಧಾರಾಳವಾಗಿ 200 ಜಿಬಿ ಹಿಡಿಯಿರಿ. 5 ವರ್ಷಕ್ಕೆ 365 ಟಿಬಿ. 1.92 ಟಿಬಿಯ 1 ಡಿಡಬ್ಲ್ಯೂಪಿಡಿ ಡ್ರೈವ್ 5 ವರ್ಷಕ್ಕೆ ಸುಮಾರು 3,500 ಟಿಬಿ ತಡೆಯುತ್ತದೆ. ಉಳಿದ ದುಡ್ಡಲ್ಲಿ ರ‍್ಯಾಮ್ ತಗೊಳ್ಳಿ.

ಅಂಥ 4 ಡ್ರೈವ್, ಸಾಫ್ಟ್‌ವೇರ್ ರೇಡ್ 10 (ಜೋಡಿ ಡ್ರೈವ್‌ಗಳಲ್ಲಿ ಒಂದೇ ಡೇಟಾದ ಎರಡು ಪ್ರತಿ). ಪ್ರತಿಯ ಬದಲು ಲೆಕ್ಕದ ಪ್ಯಾರಿಟಿ ಇಡುವ ರೇಡ್ 5ರಲ್ಲಿ ಒಂದು ಸಣ್ಣ ಬರಹಕ್ಕೆ ಎರಡು ಓದು, ಎರಡು ಬರಹ. ಇಂಥ ಕೆಲಸಕ್ಕೆ ಒಗ್ಗದು. ನಾಲ್ಕೂ ಒಂದೇ ಬ್ಯಾಚ್‌ನದ್ದು ಬೇಡ, ಫರ್ಮ್‌ವೇರ್ ಅಪ್‌ಡೇಟ್ ಮಾಡಿಯೇ ಹಾಕಿ. ಒಂದು ದೊಡ್ಡ ಕಂಪನಿಯ ಎಸ್‌ಎಸ್‌ಡಿಗಳು 32,768 ಗಂಟೆ ಓಡಿದ ಕೂಡಲೇ ಸಾಯುವ ಫರ್ಮ್‌ವೇರ್ ದೋಷ 2019ರಲ್ಲಿ ಬಯಲಾಯಿತು. ಒಟ್ಟಿಗೆ ಆನ್ ಮಾಡಿದವು ಒಟ್ಟಿಗೇ ಹೋದರೆ ರೇಡ್ ಏನು ಮಾಡೀತು?

ರ‍್ಯಾಮ್ ಇಸಿಸಿ (ಕೆಟ್ಟ ಬಿಟ್ ತಾನೇ ತಿದ್ದುವ ಮಾದರಿ) ಇರಲೇಬೇಕು. ಡಿಡಿಆರ್5 ಚಿಪ್ ಒಳಗಿನ ಇಸಿಸಿ ಬೇರೆ, ಸರ್ವರ್ ಇಸಿಸಿ ಬೇರೆ; ಸೇಲ್ಸ್‌ನವರು ಕಲಸಿ ಹೇಳುತ್ತಾರೆ. ರ‍್ಯಾಮ್‌ನಲ್ಲೇ ಬಿಟ್ ಕೆಟ್ಟ ಪುಟಕ್ಕೆ ಪೋಸ್ಟ್‌ಗ್ರೆಸ್ ಸರಿಯಾದ ಚೆಕ್‌ಸಮ್ಮನ್ನೇ (ತಾಳೆ ನೋಡುವ ಸಂಖ್ಯೆ) ಹಾಕಿ ಬರೆದುಬಿಡುತ್ತದೆ, ಆಮೇಲೆ ಯಾರೂ ಹಿಡಿಯಲಾರರು. ಎಂಟು ಚಾನೆಲ್ (ಪ್ರೊಸೆಸರ್‌ನಿಂದ ಮೆಮೊರಿಗೆ ಎಂಟು ದಾರಿ) ಬೋರ್ಡಿಗೆ 64 ಜಿಬಿಯ ನಾಲ್ಕಕ್ಕಿಂತ 32 ಜಿಬಿಯ ಎಂಟು ಹಾಕಿ, ಎಲ್ಲ ಚಾನೆಲ್ ತುಂಬುತ್ತವೆ. ಹಾಕಿದ ಮೇಲೆ 24 ಗಂಟೆ ಮೆಮ್‌ಟೆಸ್ಟ್ ಅನ್ನುವ ಮೆಮೊರಿ ಪರೀಕ್ಷೆ. ಸಿಪಿಯು ವಿಷಯ ಚಿಕ್ಕದು: 16 ವೇಗದ ಕೋರ್, 64 ನಿಧಾನದ ಕೋರ್‌ಗಿಂತ ಇಲ್ಲಿ ಮೇಲು.

ಸರ್ವರ್ ಡಬ್ಬ ಬೆಂಗಳೂರಿನ ಎಸ್.ಪಿ. ರೋಡಿನ ರಿಫರ್ಬಿಷ್ಡ್ ಆದರೂ ನಡೆಯುತ್ತದೆ. ಡ್ರೈವ್ ಮಾತ್ರ ಹೊಸದು.

ಇನ್ನು ಕರೆಂಟ್. ಯುಪಿಎಸ್ ಆನ್‌ಲೈನ್ ಮಾದರಿಯದೇ (ಸದಾ ಇನ್ವರ್ಟರ್ ಮೂಲಕವೇ ಕರೆಂಟ್ ಕೊಡುವಂಥದ್ದು) ಆಗಲಿ. 12 ವೋಲ್ಟ್ 26 ಎಎಚ್‌ನ 8 ಬ್ಯಾಟರಿ ಅಂದರೆ ಸುಮಾರು 2,500 ವ್ಯಾಟ್‌ಅವರ್. 500 ವ್ಯಾಟ್ ಲೋಡಿಗೆ ಕಾಗದದ ಮೇಲೆ 5 ಗಂಟೆ, ನೀವು ಮೂರೂವರೆ ಅಂತ ನಂಬಿ. ಬ್ಯಾಟರಿ ಇಳಿದಾಗ ಸರ್ವರ್ ತಾನೇ ಶಟ್‌ಡೌನ್ ಆಗುವಂತೆ ‘ನಟ್’ ಸಾಫ್ಟ್‌ವೇರ್ ಹಾಕಿಡಿ.

ಜನ ಮರೆಯುವುದು ಅರ್ಥಿಂಗ್. ಕೋಲಾರದ ಬಂಡೆ ನೆಲ, ಮಾರ್ಚ್ ಬಂತೆಂದರೆ ಅರ್ಥ್ ಗುಂಡಿ ಒಣಗಿ ಬೂದಿ. ಮಲ್ಟಿಮೀಟರ್ ಎಸಿಗೆ ಇಟ್ಟು, ಲೋಡ್ ಇರುವಾಗಲೇ ನ್ಯೂಟ್ರಲ್‌ಗೂ ಅರ್ಥ್‌ಗೂ ನಡುವೆ ನೋಡಿ: 2 ವೋಲ್ಟ್ ಒಳಗಿದ್ದರೆ ಸರಿ, 3 ದಾಟಿದರೆ ಎಲೆಕ್ಟ್ರಿಷಿಯನ್ ಕರೆಸಿ. ಬೇಸಿಗೆಯಲ್ಲಿ ಗುಂಡಿಗೆ ವಾರಕ್ಕೆರಡು ಬಿಂದಿಗೆ ನೀರು ಹಾಕುವುದು ಯಾರ ಕೆಲಸ ಅಂತ ಮೊದಲೇ ಗೊತ್ತುಮಾಡಿ. ಬೆಂಗಳೂರಿಂದ ಪಾರ್ಟ್ ಬರುವ ತನಕ ಹರಾಜು ನಿಲ್ಲುವುದಿಲ್ಲ, ಅದಕ್ಕೆ ಒಂದು ಡ್ರೈವ್, ಒಂದು ಪವರ್ ಸಪ್ಲೈ, ಒಂದು ರ‍್ಯಾಮ್ ಕಡ್ಡಿ ಬೀರುವಿನಲ್ಲಿರಲಿ. ಆ ಡ್ರೈವನ್ನೂ ಕಾರ್ಡ್ ಕಿತ್ತು ನೋಡಿಯೇ ಒಳಗಿಡಿ.